ಆಪಾ ಮತ್ತು ಸುಟ್ಟುಹೋದ ಕುರ್ಚಿ

ವಾರ್ನಿಷ್ ಹಚ್ಚಿದ ಮರ ಸುಡುವ ವಾಸನೆಯೇ ಬೇರೆ. ಮೊದಲು ಮೂಗಿಗೆ ಸಿಹಿಯಾಗಿ ಹತ್ತುತ್ತದೆ, ಆಮೇಲೆ ಗಂಟಲು ಹಿಡಿಯುತ್ತದೆ. ಮೊನ್ನೆ ಹ್ಯಾಲೋವೀನ್ ದಿನ ಸಂಜೆ ಅಡುಗೆಮನೆಯ ಕಿಟಕಿ ತೆರೆದು ಅನ್ನ ಬಸಿಯುತ್ತಿದ್ದೆ. ಡಬ್ಲಿನ್ನಿನ ಟಾಲಾದಲ್ಲಿರುವ ನಮ್ಮ ಮನೆಸಾಲಿನ ಹಿಂದೆ ಹುಡುಗರು ಬೆಂಕಿ ಹಾಕಿದ್ದರು. ವಾರವಿಡೀ ಅವರು ಅಂಗಡಿಗಳ ಹಿಂದಿನಿಂದ ಮರದ ಪ್ಯಾಲೆಟ್ಟುಗಳನ್ನು ಎಳೆದು ತಂದು ಪೊದೆಯಲ್ಲಿ ಬಚ್ಚಿಡುವುದು, ಕೌನ್ಸಿಲ್‌ನವರು ವ್ಯಾನಿನಲ್ಲಿ ಬಂದು ಹೊತ್ತೊಯ್ಯುವುದು... ಪ್ರತಿವರ್ಷದ ಕಣ್ಣಾಮುಚ್ಚಾಲೆ ಇದು. ಈ ಸಲ ಯಾರ ಮನೆಯದೋ ಹಳೇ ಮೇಜು ಬೆಂಕಿಗೆ ಬಿದ್ದಿರಬೇಕು. ಆ ವಾಸನೆ ಒಳಗೆ ಬಂದದ್ದೇ ತಡ, ನನ್ನ ಕೈ ನಿಂತುಹೋಯಿತು. ಅರ್ಧ ಅನ್ನ ಗಂಜಿಯ ಜೊತೆಗೇ ಸಿಂಕಿನ ಪಾಲಾಯಿತು.

ಅದಕ್ಕೂ ಸ್ವಲ್ಪ ದಿನ ಮೊದಲು ಇಲ್ಲಿನ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಒಂದು ಸಾಲು ಬಂದಿತ್ತು. ಡಬ್ಲಿನ್ನಿನ ಉತ್ತರಕ್ಕೆ ಸ್ವೋರ್ಡ್ಸ್‌ನಲ್ಲಿದ್ದ ಆಪಾ ತೀರಿಕೊಂಡರು, ಮಣ್ಣೂ ಆಯಿತು ಎಂದು. ನಾಲ್ಕೈದು ಜನ ಕೈಮುಗಿದ ಚಿತ್ರ ಹಾಕಿದರು. ಅದರ ಕೆಳಗೇ ಒಬ್ಬರು ದೀಪಾವಳಿ ಊಟದ ಟಿಕೆಟ್ಟು ಎಲ್ಲಿ ಸಿಗುತ್ತದೆ ಎಂದು ಕೇಳಿದ್ದರು. ನನಗೆ ಮೈಯೆಲ್ಲ ಉರಿಯಿತು. ಹಾಗೆಂದು ನಾನು ತಾನೇ ಏನು ಮಾಡಿದೆ? ಫೋನನ್ನು ಬೋರಲು ಹಾಕಿ ಕೆಲಸಕ್ಕೆ ಹೋದೆ.

ಆಪಾ ಹುಬ್ಬಳ್ಳಿಯವರು. ಮದುವೆಯಾಗಿ ಡಬ್ಲಿನ್ನಿಗೆ ಬಂದವರು, ಗಂಡ ಬಿಟ್ಟು ಹೋದ ಮೇಲೂ ಇಲ್ಲೇ ಉಳಿದವರು. ಮಕ್ಕಳಿರಲಿಲ್ಲ. ಟಾಲಾದ ಯೂತ್ ಕ್ಲಬ್ಬಿಗೆ ಮೊದಲು ಚಹಾ ಮಾಡಿಕೊಡಲು ಹೋಗುತ್ತಿದ್ದರಂತೆ. ಆಮೇಲೆ ಅದಕ್ಕೆ ಬೇಕಾದ ಓದು ಓದಿಕೊಂಡು ಅಲ್ಲೇ ಯೂತ್ ವರ್ಕರ್ ಆದರು. ಶಾಲೆ ಬಿಟ್ಟ ಮೇಲೆ ಮನೆಗೆ ಹೋಗಲು ಮನಸ್ಸಿಲ್ಲದ ಹುಡುಗ ಹುಡುಗಿಯರನ್ನು ಕೂಡಿಸಿಕೊಂಡು ಕೇರಂ ಆಡಿಸುವುದು, ನಾಟಕ ಕಟ್ಟಿಸುವುದು, ಹಸಿದು ಬಂದವರಿಗೆ ಟೋಸ್ಟ್ ಮಾಡಿಕೊಡುವುದು, ಯಾರಾದರೂ ಗಲಾಟೆ ಮಾಡಿ ಗಾರ್ಡಾ ಪೊಲೀಸರ ಠಾಣೆಯಲ್ಲಿ ಕೂತಿದ್ದರೆ ಹೋಗಿ ಕರೆದುಕೊಂಡು ಬರುವುದು, ಎಲ್ಲವೂ ಅವರದೇ. ನಾವು ಕನ್ನಡದವರು ಅಕ್ಕ ಎನ್ನುವ ಹಾಗೆ ಆಪಾ ಎನ್ನುವುದನ್ನು ಕೇಳಿ ಐರಿಷ್ ಹುಡುಗರೂ ಹಾಗೇ ಕರೆಯುತ್ತಿದ್ದರು. ಆ ಕ್ಲಬ್ಬೇ ಅವರ ಮನೆ. ಬಾಡಿಗೆಗೆ ಹಿಡಿದ ಕೋಣೆಗೆ ಅವರು ಮಲಗಲು ಮಾತ್ರ ಹೋಗುತ್ತಿದ್ದರು.

ನಾನು ಮೈಸೂರಿನವಳು, ಇಲ್ಲಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ. ಬಾಯಿ ಜೋರು. ನನ್ನ ಗಂಡ ಜಗಳದ ಮಾತು ಬಂದರೆ ನನ್ನನ್ನು ಮುಂದೆ ತಳ್ಳಿ ತಾವು ಹಿಂದೆ ನಿಲ್ಲುತ್ತಾರೆ. ಆದರೆ ನನ್ನ ಮಗಳ ವಿಷಯದಲ್ಲಿ ಈ ಬಾಯಿಯಿಂದ ಮೂರು ಕಾಸಿನ ಉಪಯೋಗವಾಗಲಿಲ್ಲ. ನಾಲ್ಕು ವರ್ಷದವಳಿದ್ದಾಗ ನಮ್ಮ ಜೊತೆ ಬಂದವಳು. ಚಿಕ್ಕ ಶಾಲೆಯಲ್ಲಿ ಚೆನ್ನಾಗಿಯೇ ಇದ್ದಳು. ದೊಡ್ಡ ಶಾಲೆಗೆ ಹೋದ ಮೇಲೆ ಏನಾಯಿತೋ, ಮಾತು ನಿಂತಿತು. ಊಟದ ಡಬ್ಬಿ ತುಂಬಿದ ಹಾಗೇ ವಾಪಸ್ಸು ಬರುತ್ತಿತ್ತು. ಜೊತೆಗೆ ಕೂರುವವರಿಲ್ಲದೆ ಟಾಯ್ಲೆಟ್ಟಿನಲ್ಲಿ ಬಾಗಿಲು ಹಾಕಿಕೊಂಡು ಕೂರುತ್ತಾಳೆ ಎಂದು ಪಕ್ಕದ ಮನೆಯ ಹುಡುಗಿಯಿಂದ ತಿಳಿಯಿತು. ಕೇಳಿದರೆ ಇಲ್ಲಿನವರ ಹಾಗೆ, ಚೆನ್ನಾಗಿದ್ದೇನೆ ಎಂಬ ಒಂದೇ ಉತ್ತರ, ‘ಐಯಾಮ್ ಗ್ರ್ಯಾಂಡ್, ಅಮ್ಮಾ.’ ಬೈದೆ, ಅತ್ತೆ, ಶಾಲೆಗೆ ಹೋಗಿ ಪ್ರಿನ್ಸಿಪಾಲರ ಮುಂದೆ ಕೂಗಾಡಿ ಬಂದೆ. ಕೂಗಾಡಿದ ಮೇಲೆ ಅವಳು ನನ್ನ ಜೊತೆಯೂ ಮಾತು ಕಡಿಮೆ ಮಾಡಿದಳು.

ಅವಳನ್ನು ಕ್ಲಬ್ಬಿಗೆ ಎಳೆದುಕೊಂಡವರು ಆಪಾ. ಬಸ್ ಸ್ಟಾಪಿನಲ್ಲಿ ಒಬ್ಬಳೇ ನಿಂತಿದ್ದವಳ ಕೈಗೆ ದೊಡ್ಡ ರಟ್ಟಿನ ಡಬ್ಬಿಯೊಂದನ್ನು ಇಟ್ಟು, ‘ಏ ಕೂಸ, ಇದನ್ನ ಹಿಡ್ಕೊಂಡು ನನ್ನ ಹಿಂದ ಬಾ, ನನಗ ಸೊಂಟ ನೋವು’ ಎಂದರಂತೆ. ಸೊಂಟಕ್ಕೆ ಏನೂ ಆಗಿರಲಿಲ್ಲ. ನನ್ನ ಮಗಳು ಡಬ್ಬಿ ಹೊತ್ತು ಹೋದವಳು ಸಂಜೆಯವರೆಗೂ ಅಲ್ಲೇ ಕೂತು ನಾಟಕದವರಿಗೆ ಬಣ್ಣ ಕಲಸಿಕೊಟ್ಟು ಬಂದಳು. ಮರುದಿನ ತಾನಾಗಿಯೇ ಹೋದಳು. ಕ್ಲಬ್ಬಿನಲ್ಲೂ ಮಾತು ಕಡಿಮೆಯೇ, ಆದರೆ ಡಬ್ಬಿ ಖಾಲಿಯಾಗಿ ಬರತೊಡಗಿತು. ಖಾಲಿ ಡಬ್ಬಿ ತೊಳೆಯುವಾಗ ನಾನು ಎಷ್ಟು ಸಲ ಅತ್ತಿದ್ದೇನೋ.

ನಮ್ಮ ಕಡೆಗೂ ಜರ್ಮನಿಯಲ್ಲಿ ರೈನ್ ನದಿಯ ದಂಡೆಯ ಒಂದು ಚಿಕ್ಕ ಊರಿಗೂ ಅವಳಿ ಊರಿನ ನಂಟು. ಒಂದು ವರ್ಷ ಅಲ್ಲಿನ ಮಕ್ಕಳು ಇಲ್ಲಿಗೆ, ಒಂದು ವರ್ಷ ಇಲ್ಲಿನವರು ಅಲ್ಲಿಗೆ. ಆ ಸಲ ಫೆಬ್ರವರಿಯ ಮಿಡ್‌ಟರ್ಮ್ ರಜೆಗೂ ಅವರ ಕಾರ್ನಿವಲ್ಲಿಗೂ ಹೊಂದಿಕೆಯಾಗಿ, ಹಬ್ಬಕ್ಕೇ ಬನ್ನಿ ಎಂದು ಕರೆದರು. ಜೊತೆಗೆ ಇನ್ನೊಬ್ಬ ಹೆಂಗಸು ಬೇಕು ಎಂದಾಗ ನಾನು ಕೈ ಎತ್ತಿದೆ. ಉಳಿದ ಮಕ್ಕಳೆಲ್ಲ ಪಾಸ್‌ಪೋರ್ಟು ಜೇಬಿಗಿಟ್ಟುಕೊಂಡು ಹೊರಡುವವರು. ನಾನು, ನನ್ನ ಮಗಳು ಮಾತ್ರ ವೀಸಾಕ್ಕೆ ಸಾಲು ನಿಲ್ಲಬೇಕು. ನಮ್ಮ ಸಿಟಿಜನ್‌ಶಿಪ್ ಅರ್ಜಿ ಆಗ ಇನ್ನೂ ಸರ್ಕಾರದ ಹೊಟ್ಟೆಯಲ್ಲೇ ಇತ್ತು. ಆಪಾ ರಜೆ ಹಾಕಿ ನಮ್ಮ ಜೊತೆ ಬಂದು ಸಾಲಿನಲ್ಲಿ ನಿಂತರು.

‘ಅವರೆಲ್ಲ ಬ್ಯಾಗ್ ಹೆಗಲಿಗೆ ಹಾಕ್ಕೊಂಡು ಹೊಂಟ್ರು ನೋಡ ತಂಗಿ. ನಾವು ಮೊದಲು ಮನಶ್ಯಾರು ಅಂತ ತೋರಿಸಿ ಆಮ್ಯಾಲೆ ಹೋಗಬೇಕು’ ಎಂದು ನಕ್ಕರು. ಅವರಿಗೆ ಇಲ್ಲಿನ ಪಾಸ್‌ಪೋರ್ಟು ಸಿಕ್ಕಿ ಬಹಳ ಕಾಲವಾಗಿತ್ತು. ಆದರೂ ನಾವು ಎಂದೇ ಅಂದರು.

ಕಾರ್ನಿವಲ್ಲಿನಲ್ಲಿ ಹೊರಗಿನಿಂದ ಬಂದ ತಂಡವೆಲ್ಲ ಒಂದೇ ವೇಷದಲ್ಲಿರಬೇಕಂತೆ. ಕುರಿಗಳಿಗೆ ಹೆಸರಾದ ಐರ್ಲೆಂಡಿನಿಂದ ಹೋಗುವವರು ಕುರಿಗಳಾಗದೆ ಇನ್ನೇನಾಗಬೇಕು ಎಂದು ಹುಡುಗರೇ ತೀರ್ಮಾನಿಸಿದರು. ಆಪಾ ಎಲ್ಲಿಂದಲೋ ದಿಂಬಿನ ಹತ್ತಿ ತಂದು ಹಳೇ ಬಿಳಿ ಚಾದರಗಳ ಮೇಲೆ ಹೊಲಿಸಿದರು, ರಟ್ಟಿನ ಕಪ್ಪು ಮುಖವಾಡ ಮಾಡಿಸಿದರು. ಕೊನೆಗೆ ಎಲ್ಲವೂ ಎಷ್ಟು ಒಂದೇ ಥರ ಆದವೆಂದರೆ ಮುಖವಾಡ ಹಾಕಿದ ಮೇಲೆ ನನ್ನ ಮಗಳು ಯಾವುದು ಎಂದು ನನಗೇ ತಿಳಿಯುತ್ತಿರಲಿಲ್ಲ. ನಾನೂ ಒಂದು ಕುರಿ. ಆಪಾ ಮಾತ್ರ ಹೆಗಲ ಮೇಲೆ ಕರೀ ಕಂಬಳಿ ಹೊದ್ದು, ಕೈಯಲ್ಲಿ ಕೋಲು ಹಿಡಿದು, ಹುಬ್ಬಳ್ಳಿ ಸೀಮೆಯ ಕುರಿ ಕಾಯುವವರಾದರು.

ಸೋಮವಾರದ ಮೆರವಣಿಗೆ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಬ್ಯಾಂಡು, ಕುದುರೆ, ಗಾಡಿಗಳ ಮೇಲಿಂದ ಮಿಠಾಯಿಯ ಮಳೆ, ಚಳಿಗೆ ಮೂಗು ಕೆಂಪಾದ ಮುದುಕಿಯರು ಛತ್ರಿ ಬೋರಲು ಹಿಡಿದು ಮಿಠಾಯಿ ತುಂಬಿಕೊಳ್ಳುವುದು. ನಮ್ಮ ಕುರಿ ಹಿಂಡು ಬ್ಯಾ ಬ್ಯಾ ಎಂದು ಹೋದಲ್ಲೆಲ್ಲ ನಗು. ಒಂದು ಕಡೆ ನಿಂತಾಗ ಮಕ್ಕಳು ಮುಖವಾಡ ತಲೆಯ ಮೇಲಕ್ಕೆ ಸರಿಸಿಕೊಂಡರು. ಆಪಾ ಕೋಲಿನಿಂದ ನನ್ನ ಪಕ್ಕೆ ತಿವಿದರು.

‘ಅಲ್ಲೆ ನೋಡ ತಂಗಿ, ನಿನ್ನ ಮಗಳ ಹಲ್ಲು! ಇಷ್ಟ ದಿವಸದಾಗ ಅಕಿ ಹಲ್ಲು ನಾ ನೋಡಿದ್ದ ಇವತ್ತ.’

ನನ್ನ ಮಗಳು ಒಬ್ಬ ಐರಿಷ್ ಹುಡುಗಿಯ ಭುಜ ಹಿಡಿದುಕೊಂಡು ಬಿದ್ದು ಬಿದ್ದು ನಗುತ್ತಿದ್ದಳು. ಯಾಕೆ ನಗುತ್ತಿದ್ದಳೋ ನನಗೆ ಗೊತ್ತಿಲ್ಲ... ಗೊತ್ತಾಗುವುದೂ ಬೇಕಿರಲಿಲ್ಲ.

ಮಂಗಳವಾರ ಹಬ್ಬದ ಕೊನೆಯ ದಿನ. ಆ ಊರಿನ ಯೂತ್ ಸೆಂಟರಿನವರು ಹುಲ್ಲು ತುಂಬಿದ ಒಂದು ಗೊಂಬೆ ಮಾಡಿಸುತ್ತಿದ್ದರು, ಹಳೇ ಪ್ಯಾಂಟು, ಹಳೇ ಕೋಟು, ತಲೆಗೊಂದು ಟೊಪ್ಪಿಗೆ. ಹಬ್ಬದ ದಿನಗಳಲ್ಲಿ ಯಾರು ಏನೇ ತಪ್ಪು ಮಾಡಿದ್ದರೂ ಅದೆಲ್ಲ ಈ ಹುಲ್ಲಿನವನ ತಲೆಗೆ. ಸಂಜೆ ಅವನನ್ನು ಅಂಗಳದಲ್ಲಿ ಕೂರಿಸಿ, ಇವನೇ ಮಾಡಿದ್ದು ಇವನೇ ಮಾಡಿದ್ದು ಎಂದು ಕೂಗಿ, ಸುಳ್ಳುಸುಳ್ಳೇ ಗೋಳಾಡಿ, ಸುಟ್ಟುಬಿಡುವುದು. ಮರುದಿನದಿಂದ ಈಸ್ಟರ್‌ವರೆಗೆ ಕ್ರೈಸ್ತರ ಉಪವಾಸದ ಕಾಲ. ಅಲ್ಲಿನ ಮುಖ್ಯಸ್ಥ, ಉದ್ದಕ್ಕೆ ತೆಳ್ಳಗಿದ್ದ ಮನುಷ್ಯ, ಇದನ್ನೆಲ್ಲ ವಿವರಿಸುತ್ತಿದ್ದರೆ ಆಪಾ ಕೂತಲ್ಲಿಂದ ಎದ್ದೇಬಿಟ್ಟರು.

‘ಅಯ್ಯ, ಇಂವ ನಮ್ಮ ಕಾಮಣ್ಣ!’

ಆಮೇಲೆ ಗೊಂಬೆಗೆ ಹುಲ್ಲು ತುರುಕುತ್ತಾ ಮಕ್ಕಳಿಗೆ ಇಂಗ್ಲಿಷಿನಲ್ಲಿ ಹುಬ್ಬಳ್ಳಿಯ ಹೋಳಿಯ ಕತೆ ಹೇಳಿದರು. ಅವರ ಓಣಿಯ ಮೂಲೆಯಲ್ಲಿ ಕಾಮಣ್ಣನನ್ನು ಕೂರಿಸುತ್ತಿದ್ದುದು, ಹಲಗೆ ಬಡಿಯಲು ಎಲ್ಲ ಮನೆಯ ಮಕ್ಕಳೂ ಓಡುತ್ತಿದ್ದುದು, ಅವರ ಅಬ್ಬಾ ಮೊದಲು ಬೈದು ಆಮೇಲೆ ತಾವೇ ಕಟ್ಟೆಯ ಮೇಲೆ ನಿಂತು ನೋಡುತ್ತಿದ್ದುದು. ಕಾಮಣ್ಣನನ್ನು ಸುಡಲು ಸೌದೆ ಕೊಂಡು ತರುವಂತಿಲ್ಲ, ಕದ್ದೇ ತರಬೇಕು. ಕುಳ್ಳು, ಕಟ್ಟಿಗೆ, ಮುರಿದ ಬಾಗಿಲು, ಏನು ಸಿಕ್ಕರೆ ಅದು. ಆ ದಿನ ಕದ್ದದ್ದು ಕಳ್ಳತನವಲ್ಲ. ಮನೆಯವರು ಬೈಯಬಹುದು, ಆದರೆ ವಾಪಸ್ಸು ಕೇಳುವ ಹಾಗಿಲ್ಲ. ಒಂದು ಸಲ ಹುಡುಗರು ನಿದ್ದೆ ಹೋಗಿದ್ದ ಮುದುಕನನ್ನು ಹುಷಾರಾಗಿ ನೆಲಕ್ಕಿಳಿಸಿ ಅವನ ಹೊರಸನ್ನೇ ಹೊತ್ತುಕೊಂಡು ಹೋಗಿ ಬೆಂಕಿಗೆ ಹಾಕಿದರಂತೆ! ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಆ ಕತೆ ಕೇಳಿ ನಗದವರು ಯಾರಿದ್ದಾರು? ಆದರೆ ಹುಬ್ಬಳ್ಳಿಯ ಓಣಿಯಲ್ಲಿ ಕದ್ದವರು ಯಾರು, ಕಳಕೊಂಡವರು ಯಾರು ಎಂದು ಎಲ್ಲರಿಗೂ ಗೊತ್ತಿರುತ್ತದೆ, ವರ್ಷವಿಡೀ ಒಂದೇ ನಲ್ಲಿಯ ನೀರು ಕುಡಿಯುವವರು. ಅದನ್ನು ಹೇಳಬೇಕು ಎಂದು ಆಪಾಗೆ ಹೊಳೆಯಲಿಲ್ಲ. ನಮಗೆ ಹುಟ್ಟಿನಿಂದ ಗೊತ್ತಿರುವುದನ್ನು ಇನ್ನೊಬ್ಬರಿಗೆ ಹೇಳಬೇಕಾಗುತ್ತದೆ ಎಂದು ಯಾರಿಗೆ ತಾನೇ ಹೊಳೆಯುತ್ತದೆ?

ಕತ್ತಲಾಗುವ ಹೊತ್ತಿಗೆ ಸೆಂಟರಿನ ಹಿಂದಿನ ಅಂಗಳದಲ್ಲಿ ಬೆಂಕಿ ಹಚ್ಚಿದರು. ಎಲ್ಲರೂ ಮತ್ತೆ ವೇಷದಲ್ಲಿದ್ದರು. ಜರ್ಮನ್ ಹುಡುಗಿಯೊಬ್ಬಳು ತಾನು ಗಣಿತದಲ್ಲಿ ಫೇಲಾದದ್ದು ಯಾರಿಂದ ಎಂದು ಕೂಗಿದಳು. ಅವನಿಂದಲೇ, ಅವನಿಂದಲೇ! ನಮ್ಮವನೊಬ್ಬ ಐರ್ಲೆಂಡಿನಲ್ಲಿ ಸುರಿಯುವ ಮಳೆ ಯಾರಿಂದ ಎಂದ. ಅವನಿಂದಲೇ! ಆಪಾ ಕಂಬಳಿ ಸೊಂಟಕ್ಕೆ ಸುತ್ತಿಕೊಂಡು, ಕೈ ಬಾಯಿಗೆ ಬಡಿದುಕೊಂಡು, ಲಬೋ ಲಬೋ ಎಂದು ಶುರುಮಾಡಿದರು. ಜರ್ಮನಿಯವರಿಗೆ ಅದು ಎಷ್ಟು ಹಿಡಿಸಿತೆಂದರೆ ಆ ಉದ್ದನೆಯ ಮನುಷ್ಯನೂ ಲಬೋ ಲಬೋ ಎನ್ನತೊಡಗಿದ. ಅಂಗಳವೆಲ್ಲ ಲಬೋ ಲಬೋ.

ಆಗ ಬೇಲಿಯ ಕಡೆಯಿಂದ ಒಂದು ಕುರಿ ಬಂತು. ತಲೆಯ ಮೇಲೆ ಒಂದು ಮರದ ಕುರ್ಚಿ ಹೊತ್ತುಕೊಂಡಿತ್ತು. ಯಾರೋ ಶಿಳ್ಳೆ ಹೊಡೆದರು, ಎಲ್ಲರೂ ಚಪ್ಪಾಳೆ ತಟ್ಟಿದರು. ಕುರಿ ನೇರವಾಗಿ ಹೋಗಿ ಕುರ್ಚಿಯನ್ನು ಬೆಂಕಿಗೆ ಎಸೆದು, ಓಡಿ ಬಂದು ಹಿಂಡಿನಲ್ಲಿ ಸೇರಿಕೊಂಡಿತು. ವಾರ್ನಿಷ್ ಹತ್ತಿಕೊಂಡು ಉರಿ ಭಗ್ಗನೆ ಎದ್ದಿತು. ಆ ಉದ್ದನೆಯ ಮನುಷ್ಯ ಲಬೋ ಎನ್ನುತ್ತಿದ್ದವನು ನಡುವೆಯೇ ನಿಲ್ಲಿಸಿ ಕೋಲು ಹುಡುಕಲು ಓಡಿದ. ಅಷ್ಟರಲ್ಲಿ ಕುರ್ಚಿಯ ಕಾಲುಗಳು ಮುರಿದು ಒಳಕ್ಕೆ ಕುಸಿದಿದ್ದವು.

ಅದು ಬೇಲಿಯಾಚೆಯ ಮನೆಯ ಮುದುಕರದ್ದು. ಅವರ ಹೆಂಡತಿ ಜಗುಲಿಯಲ್ಲಿ ಬಿಸಿಲಿಗೆ ಕೂರುತ್ತಿದ್ದ ಕುರ್ಚಿ. ಆಕೆ ಆ ಚಳಿಗಾಲದಲ್ಲೇ ತೀರಿಕೊಂಡಿದ್ದರು. ಕುರ್ಚಿಯನ್ನು ಮುದುಕರು ಇದ್ದ ಜಾಗದಲ್ಲೇ ಬಿಟ್ಟಿದ್ದರು.

ಮರುದಿನ ಬೆಳಿಗ್ಗೆ ಅವರು ಬಂದರು. ಉಪವಾಸದ ಮೊದಲ ದಿನದ ಪದ್ಧತಿಯಂತೆ ಆಗಲೇ ಚರ್ಚಿಗೆ ಹೋಗಿ ಹಣೆಗೆ ಬೂದಿ ಇಡಿಸಿಕೊಂಡಿದ್ದರು. ಬೂದಿಗುಂಡಿಯ ಅಂಚಿನಲ್ಲಿ ಸುಮ್ಮನೆ ನಿಂತರು. ಆಪಾ ಹತ್ತಿರ ಹೋಗಿ ತಮಗೆ ಬರುವ ನಾಲ್ಕು ಜರ್ಮನ್ ಮಾತುಗಳಲ್ಲಿ ಕ್ಷಮೆ ಕೇಳಿದರು, ಅದು ಸಾಲದೆಂದು ಇಂಗ್ಲಿಷಿನಲ್ಲಿ ಕೇಳಿದರು, ಕೊನೆಗೆ ಕೈ ಮುಗಿದರು. ಮುದುಕರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಬಗ್ಗಿ ಬೂದಿಯಲ್ಲಿ ಕೈಯಾಡಿಸಿ, ಕಪ್ಪಾದ ಕಬ್ಬಿಣದ ಸ್ಕ್ರೂ ಒಂದನ್ನು ಹೆಕ್ಕಿ ಕೋಟಿನ ಜೇಬಿಗೆ ಹಾಕಿಕೊಂಡು ಹೋದರು. ಮಕ್ಕಳೆಲ್ಲ ಕಿಟಕಿಯಿಂದ ನೋಡುತ್ತಿದ್ದರು.

ಕುರ್ಚಿ ತಂದವರು ಯಾರು? ಕುರಿ. ಯಾವ ಕುರಿ? ಯಾರಿಗೆ ಗೊತ್ತು! ಆಪಾ ಮಕ್ಕಳನ್ನೆಲ್ಲ ಕೂರಿಸಿಕೊಂಡು, ಕತೆ ಹೇಳಿದ್ದು ನಾನು, ಆದ್ದರಿಂದ ಬೆಂಕಿಗೆ ಹಾಕಿದ್ದೂ ನಾನೇ, ಇನ್ನು ಯಾರೂ ಈ ವಿಷಯ ಎತ್ತಬೇಡಿ ಎಂದರು. ತಪ್ಪಿತಸ್ಥರು ತಾವಾಗಿ ಎದ್ದು ನಿಲ್ಲಲಿ ಎಂದು ಹಾಗೆ ಅನ್ನುತ್ತಿದ್ದಾರೆ ಎಂದುಕೊಂಡೆ ನಾನು. ಅವರು ನಿಜವಾಗಿಯೂ ಅಷ್ಟಕ್ಕೇ ಬಿಟ್ಟುಬಿಟ್ಟರು.

ನಾವು ಡಬ್ಲಿನ್ನಿಗೆ ಬರುವ ಮೊದಲೇ ಜರ್ಮನಿಯಿಂದ ದೂರು ಬಂದು ಕೂತಿತ್ತು. ಕ್ಲಬ್ಬನ್ನು ನಡೆಸುವ ಸಮಿತಿಯವರು ಸಭೆ ಕರೆದರು. ಆಪಾರ ಕೆಲಸ ವರ್ಷ ವರ್ಷಕ್ಕೆ ಮುಂದುವರಿಯುವಂಥದ್ದು, ಆ ವರ್ಷದ ಅವಧಿ ಮುಗಿಯುತ್ತಾ ಬಂದಿತ್ತು. ಪರದೇಶದಲ್ಲಿ, ಬೆಂಕಿಯ ಹತ್ತಿರ, ಮಕ್ಕಳಿಗೆ ಕದಿಯುವುದು ಸಂಪ್ರದಾಯ ಎಂದು ಹೇಳಿಕೊಟ್ಟವರನ್ನು ಹೇಗೆ ಮುಂದುವರಿಸುವುದು? ಅವರ ಪ್ರಶ್ನೆ ಅದು. ಕೂಗಾಡದೆ, ನಯವಾಗಿ, ಬಿಸ್ಕತ್ತಿನ ತಟ್ಟೆ ಮುಂದಿಟ್ಟುಕೊಂಡೇ ಕೇಳಿದರು.

ನಾನು ಬಿಡುತ್ತೇನೆಯೇ? ಎದ್ದು ನಿಂತೆ. ತಪ್ಪು ಮಾಡಿದ್ದು ಯಾವುದೋ ಒಂದು ಮಗು. ಆ ಮಗು ಯಾವುದು ಎಂದು ಹುಡುಕಿ, ಅದರ ಅಪ್ಪ ಅಮ್ಮನನ್ನು ಕರೆಸಿ, ಬೇಕಾದರೆ ಗಾರ್ಡಾಗಳನ್ನೇ ಕರೆಸಿ ವಿಚಾರಿಸಲಿ. ಒಬ್ಬೊಬ್ಬರನ್ನೇ ಕೂರಿಸಿ ಕೇಳಿದರೆ ಅರ್ಧ ದಿನದಲ್ಲಿ ಸತ್ಯ ಹೊರಬೀಳುತ್ತದೆ. ಮಾಡಿದವರನ್ನು ಬಿಟ್ಟು ಇವರನ್ನು ಹಿಡಿಯುವುದು ಯಾವ ನ್ಯಾಯ? ನನ್ನ ಮಾತಿಗೆ ಒಬ್ಬಿಬ್ಬರು ತಲೆದೂಗಿದರು. ಒಬ್ಬಾಕೆ, ಹೌದಲ್ಲ, ಕೇಳಿ ನೋಡಬಹುದು ಎಂದೂ ಅಂದರು. ಆಪಾರ ಕೆಲಸ ಉಳಿಯಿತು ಎಂದೇ ನನಗೆ ಅನ್ನಿಸಿತು. ಆಗ ಆಪಾ ನನ್ನ ತೋಳು ಹಿಡಿದು ಎಳೆದು ಕೂರಿಸಿದರು. ಉಗುರು ಚುಚ್ಚುವಷ್ಟು ಗಟ್ಟಿಯಾಗಿ ಹಿಡಿದಿದ್ದರು. ಆಮೇಲೆ ಸಮಿತಿಯವರಿಗೆ ಇಂಗ್ಲಿಷಿನಲ್ಲಿ, ಹೋಗಿ ತನ್ನಿ ಎಂದು ಮಕ್ಕಳಿಗೆ ಹೇಳಿದ್ದು ನಾನೇ, ಯಾರನ್ನೂ ಕೇಳುವ ಅಗತ್ಯವಿಲ್ಲ ಎಂದರು.

ಅದು ಸುಳ್ಳು. ಅವರು ಕತೆ ಹೇಳಿದ್ದರೇ ಹೊರತು ತನ್ನಿ ಎಂದಿರಲಿಲ್ಲ. ನಾನು ಪಕ್ಕದಲ್ಲೇ ಇದ್ದೆನಲ್ಲ.

ಹೊರಗೆ ಬಂದು ಲುವಾಸ್ ರೈಲಿನ ಸ್ಟಾಪಿಗೆ ನಡೆದೆವು. ಅಲ್ಲಿ ನಾನು ಹರಿಹಾಯ್ದೆ.

‘ನಾನು ನಿಮಗೋಸ್ಕರ ಜಗಳ ಆಡ್ತಿದ್ರೆ ನೀವೇ ಹೋಗಿ ಕತ್ತು ಕೊಟ್ಟು ಬಂದ್ರಲ್ಲ ಆಪಾ! ಯಾರ ಮನೆ ಮಗು ಅಂತ ಇಷ್ಟು ಕಾಯ್ತಿದ್ದೀರಾ?’

‘ಯಾರದರ ಆಗ್ಲಿ. ಕೂಸ ಅಲ್ಲೇನ ಅದು?’

‘ಕೂಸಂತೆ! ಅದರ ಕಿವಿ ಹಿಂಡಿ ಕೂರಿಸೋದು ಬಿಟ್ಟು... ಹೆತ್ತವರಿಗಾದ್ರೂ ನಾಚಿಕೆ ಬೇಡ್ವಾ?’

ಅವರಿಗೆ ಸಿಟ್ಟು ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ‘ಸಾಕ ಮಾಡ ತಂಗಿ. ಇನ್ನೊಂದು ಮಾತು ಆಡಬ್ಯಾಡ. ನನ್ನ ಮ್ಯಾಲೆ ಆಣಿ’ ಎಂದರು. ರೈಲು ಬಂತು, ಹತ್ತಿದರು. ಕೂತ ಮೇಲೆ ನನ್ನ ಕಡೆ ತಿರುಗಲಿಲ್ಲ.

ವರ್ಷದ ಅವಧಿ ಮುಗಿದಾಗ ಆಪಾ ಕ್ಲಬ್ಬಿನ ಬೀಗದ ಕೈ ಒಪ್ಪಿಸಿದರು. ಮೊದಲು ಬ್ಲಾಂಚರ್ಡ್ಸ್‌ಟೌನ್‌ನ ಶಾಪಿಂಗ್ ಸೆಂಟರಿನಲ್ಲಿ ಬಟ್ಟೆ ಅಂಗಡಿಯ ಕೆಲಸ ಎಂದು ಕೇಳಿದೆ, ಆಮೇಲೆ ಸ್ವೋರ್ಡ್ಸ್‌ಗೆ ಹೋದರು ಎಂದು ಕೇಳಿದೆ. ಮಕ್ಕಳ ಜೊತೆಗಿನ ಕೆಲಸ ಅವರಿಗೆ ಮತ್ತೆಲ್ಲೂ ಸಿಗಲಿಲ್ಲ, ಎಲ್ಲಿ ಅರ್ಜಿ ಹಾಕಿದರೂ ಹಳೆಯ ಕಡೆಗೆ ಫೋನು ಮಾಡಿ ಕೇಳುತ್ತಿದ್ದರು. ಕ್ಲಬ್ಬಿಗೆ ಬೇರೆಯವರು ಬಂದರು, ಹೋದರು. ಮಕ್ಕಳು ಬರುವುದು ನಿಂತಿತು. ಅವಳಿ ಊರಿನ ಹೋಗಿಬರುವಿಕೆಯೂ ನಿಂತಿತು. ಈಗ ಆ ಕಟ್ಟಡದಲ್ಲಿ ಯಾರೋ ಕಾರ್ಪೆಟ್ಟಿನ ಸುರುಳಿಗಳನ್ನು ತುಂಬಿಟ್ಟಿದ್ದಾರೆ. ಅದರ ಮುಂದೆ ಹಾದು ಹೋಗುವಾಗ ನಾನು ರಸ್ತೆಯ ಆಚೆ ಬದಿಗೆ ದಾಟುತ್ತೇನೆ.

ಆಮೇಲೆ ಒಂದೇ ಒಂದು ಸಲ ಅವರನ್ನು ನೋಡಿದೆ. ನಮ್ಮಮ್ಮನಿಗೆ ಹುಷಾರಿಲ್ಲವೆಂದು ಮೈಸೂರಿಗೆ ಹೊರಟವಳು ಏರ್‌ಪೋರ್ಟಿನಲ್ಲಿ ಕಾಫಿಗೆ ನಿಂತರೆ ಕೌಂಟರಿನ ಆಚೆ ಆಪಾ. ಟೊಪ್ಪಿಗೆ, ಏಪ್ರನ್ನು. ತುಂಬ ಇಳಿದುಹೋಗಿದ್ದರು. ನನಗೆ ಏನು ಮಾತಾಡಬೇಕೋ ತಿಳಿಯದೆ, ಕ್ಲಬ್ಬು ಮುಚ್ಚಿತು ಆಪಾ, ಗೊತ್ತಾಯ್ತಾ ಎಂದೆ.

‘ಗೊತ್ತೈತಿ’ ಎಂದರು. ಕಾಫಿ ಲೋಟಕ್ಕೆ ಮುಚ್ಚಳ ಒತ್ತುತ್ತಾ, ‘ಕೂಸು ಹ್ಯಾಂಗೈತಿ?’

ಸಿಟಿಜನ್‌ಶಿಪ್ ಆಯಿತು, ಕಾಲೇಜಿಗೆ ಸೇರಿದಳು, ಗೆಳತಿಯರ ಕಾಟ ತಡೆಯಲು ಆಗುತ್ತಿಲ್ಲ ಎಂದೆ.

‘ಹೌದಾ? ಕಾಗದ ಬಂತಾ? ಅದಾತಲ್ಲ... ಸಾಕ.’

ಬಟ್ಟೆ ತೆಗೆದುಕೊಂಡು, ಒರೆಸಿದ ಕೌಂಟರನ್ನೇ ಮತ್ತೆ ಮತ್ತೆ ಒರೆಸಿದರು. ನನ್ನ ಹಿಂದೆ ಸಾಲು ಬೆಳೆದಿತ್ತು. ಬರ್ತೀನಿ ಆಪಾ ಎಂದೆ. ಹುಷಾರು ತಂಗಿ ಎಂದರು. ಅವರಿಗೆ ಆಗಲೇ ಕಾಯಿಲೆ ಇತ್ತೋ ಏನೋ, ಒಬ್ಬರೇ ಇದ್ದರೋ ಯಾರಾದರೂ ನೋಡಿಕೊಳ್ಳುವವರಿದ್ದರೋ, ಕೊನೆಗೆ ನೀರು ಕೊಟ್ಟವರು ಯಾರೋ... ಸಾವಿನ ಸುದ್ದಿ ಬಂದ ಮೇಲೆ ವಾಟ್ಸಾಪ್ ಗುಂಪಿನಲ್ಲಿ ಕೇಳಿದೆ. ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ.

ಹ್ಯಾಲೋವೀನ್ ಕಳೆದ ವಾರಾಂತ್ಯ ಮಗಳು ಮನೆಗೆ ಬಂದಳು. ಈಗ ಅವಳಿಗೆ ಕೆಲಸವಿದೆ, ಗೆಳತಿಯರ ಜೊತೆ ಬೇರೆ ಮನೆ ಮಾಡಿಕೊಂಡಿದ್ದಾಳೆ. ಚಪಾತಿ ಬಡಿಸುತ್ತಾ, ಆಪಾ ಹೋಗಿಬಿಟ್ರು ಕಣೇ ಎಂದೆ. ಅವಳು ಮುರಿದ ಚಪಾತಿಯನ್ನು ತಟ್ಟೆಗೆ ಇಟ್ಟಳು. ನಾನು ಹಳೇ ಸಿಟ್ಟಿನಲ್ಲಿ ಶುರುಮಾಡಿದೆ. ಆ ಕುರ್ಚಿ ಹೊತ್ತು ತಂದ ಕುರಿ ಈಗ ಎಲ್ಲಿ ಹಾಯಾಗಿದೆಯೋ, ಅದಕ್ಕೆ ಈ ಸುದ್ದಿಯಾದರೂ ಮುಟ್ಟಿತೋ ಇಲ್ಲವೋ ಎಂದೆ.

‘ಅಮ್ಮಾ, ಸ್ಟಾಪ್’ ಎಂದಳು.

ಆಮೇಲೆ ತಟ್ಟೆ ನೋಡಿಕೊಂಡೇ, ಅವಳ ಐರಿಷ್ ಇಂಗ್ಲಿಷಿನಲ್ಲಿ, ಎಲ್ಲ ಹೇಳಿದಳು. ಕುರ್ಚಿ ತಂದದ್ದು ತಾನು. ಆಪಾ ಹೇಳಿದ್ದು ನಮ್ಮ ಊರ ಕಡೆಯ ಕತೆ, ಅದನ್ನು ಮಾಡಿ ತೋರಿಸುವುದಾದರೆ ತಾನೇ ಮಾಡಬೇಕು ಅನ್ನಿಸಿತಂತೆ. ಎಲ್ಲರೂ ಚಪ್ಪಾಳೆ ತಟ್ಟಿದಾಗ ಆದ ಸಂತೋಷ ಅವಳಿಗೆ ಅದಕ್ಕೆ ಮೊದಲು ಯಾವತ್ತೂ ಆಗಿರಲಿಲ್ಲವಂತೆ. ಅದೇ ರಾತ್ರಿ ಹೋಗಿ ಆಪಾ ಮುಂದೆ ಅತ್ತಳಂತೆ, ಎಲ್ಲರ ಎದುರು ಒಪ್ಪಿಕೊಳ್ಳುತ್ತೇನೆ ಎಂದಳಂತೆ. ಆಪಾ ಬೇಡ ಎಂದರು. ಇಷ್ಟು ವರ್ಷ ಸ್ವೋರ್ಡ್ಸ್‌ಗೆ ಹೋಗಿ ಅವರನ್ನು ನೋಡಬೇಕು ಎಂದುಕೊಂಡೇ ಇದ್ದಳು, ಯಾವ ಮುಖ ಹೊತ್ತು ಹೋಗಲಿ ಎಂದು ಮುಂದೂಡುತ್ತಲೇ ಇದ್ದಳು.

‘ನನಗೆ ಯಾಕೆ ಹೇಳಲಿಲ್ಲ?’ ಎಂದೆ.

ಆಗ ಅವಳು ಆಪಾ ಅಂದದ್ದನ್ನು ಅಂದ ಹಾಗೇ ಹೇಳಿದಳು. ಮನೆಯಲ್ಲಿ ಕನ್ನಡ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ನನ್ನ ಮಗಳು, ಒಂದಕ್ಷರ ತಪ್ಪದೆ, ಹುಬ್ಬಳ್ಳಿಯ ರಾಗದಲ್ಲೇ ಹೇಳಿದಳು. ಎಷ್ಟು ಸಲ ಒಬ್ಬಳೇ ಕೂತು ಮನಸ್ಸಿನಲ್ಲಿ ಹೇಳಿಕೊಂಡಿದ್ದಳೋ.

‘ಅವರ ಹುಡುಗ್ರಿಗಾದ್ರ ಬೈಗಳದಾಗ ಮುಗಿತೈತಿ ಕೂಸ. ನಿನಗಾದ್ರ ಸಿಟಿಜನ್‌ಶಿಪ್ ಕಾಗದಕ್ಕ ಬರ್ತೈತಿ. ನೀ ಬಾಯಿ ಬಿಡಬ್ಯಾಡ. ನಿಮ್ಮವ್ವಗಂತೂ ಹೇಳಲೇಬ್ಯಾಡ. ಅಕಿಗೆ ನನ್ನ ಮ್ಯಾಲೆ ಭಾಳ ಜೀವ, ಗೊತ್ತಾದ್ರ ನನ್ನ ಉಳಿಸಾಕ ಹೋಗಿ ನಿನ್ನ ಹೆಸರು ಹೇಳಿಬಿಡ್ತಾಳ.’

ಹೇಳುತ್ತಿದ್ದೆನೇ? ಆ ಸಭೆಯಲ್ಲಿ ನಿಂತು ಅಷ್ಟು ಜೋರಾಗಿ ನ್ಯಾಯ ಕೇಳಿದವಳು, ಗೊತ್ತಿದ್ದರೆ ನಿಜವಾಗಿಯೂ ಹೇಳುತ್ತಿದ್ದೆನೇ? ಮೂರು ದಿನದಿಂದ ಅದನ್ನೇ ಕೇಳಿಕೊಳ್ಳುತ್ತಿದ್ದೇನೆ. ಹೇಳುತ್ತಿರಲಿಲ್ಲ. ನನ್ನ ಮಗಳ ಹೆಸರು ನನ್ನ ಬಾಯಿಂದ ಬರುತ್ತಿರಲಿಲ್ಲ. ಆಪಾ ಕಣ್ಣ ಮುಂದೆ ಮುಳುಗುತ್ತಿದ್ದರೂ ಸುಮ್ಮನೆ ಕೂತಿರುತ್ತಿದ್ದೆ. ನಾನು ಇರುವುದಕ್ಕಿಂತ ಒಳ್ಳೆಯವಳೆಂದೇ ಅವರು ನನ್ನನ್ನು ಎಣಿಸಿಕೊಂಡು ಹೋದರು.